ಐತಿಹ್ಯ ಮತ್ತು ಶಾಸನ: ಬಿ. ಎಲ್. ರೈಸ್ ಅವರ ಬದುಕಿನ ಒಂದು ಮುಖ

ಕರ್ನಾಟಕದ ಶಾಸನ ಅಧ್ಯಯನದ ಚರಿತ್ರೆಯನ್ನು ಬರೆಯುವವರು ಬೆಂಜಮಿನ್ ಲೂಯಿಸ್ ರೈಸ್ ಅವರಿಂದ ಆರಂಭಿಸುವುದು ರೂಢಿ. ಶಾಸನ ಪಿತಾಮಹರೆಂಬ ಗೌರವ ಅವರಿಗೆ ಸಂದಿದೆ. ಹನ್ನೆರಡು ಸಂಪುಟಗಳು, ಸುಮಾರು 9000 ಶಾಸನಗಳು ಎಂಬ ಲೆಕ್ಕವನ್ನು ನಾವೆಲ್ಲ ವಿದ್ಯಾರ್ಥಿ ದೆಸೆಯಿಂದಲೇ ಬಲ್ಲೆವು. ಆದರೆ ಆ ವ್ಯಕ್ತಿತ್ವಕ್ಕೆ ಇನ್ನೊಂದು ಮುಖವೂ ಉಂಟು. ಊರೂರಿನ ಸ್ಥಳಪುರಾಣ, ಶಾಪದ ಕಥೆ, ಬೇಟೆಯ ಕಥೆ, ಮುನಿಗಳ ವಲಸೆಯ ಕಥೆಗಳನ್ನು ಆಸೆಯಿಂದ ಸಂಗ್ರಹಿಸಿದ ಕುತೂಹಲಿಯ ಮುಖ ಅದು. ವಿದ್ವತ್ ವಲಯದಲ್ಲಿ ಇದರ ಪ್ರಸ್ತಾಪ ಬರುವುದು ಅಪರೂಪ; ಬಂದರೂ ಒಂದು ದೋಷದ ಪ್ರಸ್ತಾಪದಂತೆ ಬರುತ್ತದೆ. ಐತಿಹ್ಯವನ್ನು ನಂಬಿದ್ದರಿಂದ ಅವರು ತಪ್ಪಿದರು ಎಂಬುದು ಅವರ ಕಾಲದಲ್ಲೇ ಹುಟ್ಟಿದ ಆಕ್ಷೇಪ. ಐತಿಹ್ಯದ ಮೇಲಿನ ಪ್ರೀತಿಯೇ ಅವರನ್ನು ಶಾಸನಗಳ ಬಳಿಗೆ ಕರೆದೊಯ್ದಿತು, ಅದೇ ಪ್ರೀತಿ ಕೆಲವೆಡೆ ಅವರನ್ನು ಎಡವಿಸಿತು, ಈ ಎರಡನ್ನೂ ಒಟ್ಟಿಗೆ ಹೇಳದೆ ಅವರ ಬದುಕನ್ನು ಹೇಳಿದಂತಾಗದು ಎಂಬುದು ಪ್ರಸ್ತುತ ಲೇಖನದ ನಿಲುವು.

ರೈಸ್ ಅವರು ಹುಟ್ಟಿದ್ದು 1837ರಲ್ಲಿ, ಬೆಂಗಳೂರಿನಲ್ಲಿ. ತಂದೆ ಬೆಂಜಮಿನ್ ಹೋಲ್ಟ್ ರೈಸ್ ಲಂಡನ್ ಮಿಷನ್ನಿನ ಪಾದ್ರಿಗಳು. ಸುಮಾರು ಐವತ್ತು ವರ್ಷ ಇಲ್ಲಿಯೇ ಇದ್ದು ಕನ್ನಡದಲ್ಲಿ ಬರೆದವರು. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚು ಇಂದಿಗೂ ಅವರ ಹೆಸರನ್ನು ಉಳಿಸಿಕೊಂಡಿದೆ. ಕನ್ನಡ ಸಾಹಿತ್ಯ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದ ಇ. ಪಿ. ರೈಸ್ ಇವರ ತಮ್ಮ. ಹೀಗೆ ಈ ಮನೆಯ ಮಕ್ಕಳಿಗೆ ಕನ್ನಡ ಹುಟ್ಟಿದ ಊರಿನ ಮಾತೇ ಆಗಿತ್ತು, ಹೊರಗಿನಿಂದ ಬಂದ ಅಧಿಕಾರಿ ಪರೀಕ್ಷೆಗಾಗಿ ಕಲಿತ ಭಾಷೆ ಆಗಿರಲಿಲ್ಲ. ಲೂಯಿಸ್ ರೈಸ್ ಅವರ ಮುಂದಿನ ಕೆಲಸಕ್ಕೆ ಇದು ಎಷ್ಟು ಮುಖ್ಯವೆಂಬುದನ್ನು ನಮ್ಮ ಸಾಹಿತ್ಯ ಚರಿತ್ರೆಗಳು ಸಾಕಷ್ಟು ಗಮನಿಸಿಲ್ಲ. ಹಳ್ಳಿಯ ಪಟೇಲನಾಗಲಿ ಪೂಜಾರಿಯಾಗಲಿ ಹೇಳಿದ ಕಥೆ ದುಭಾಷಿಯನ್ನು ದಾಟಿ ಬರಬೇಕಾದಾಗ ಅದರ ಅರ್ಧ ಜೀವ ಹೋಗಿರುತ್ತದೆ. ಕನ್ನಡ ಬಲ್ಲ ರೈಸ್ ಅವರು ಅದನ್ನು ನೇರವಾಗಿ ಕೇಳಬಲ್ಲವರಾಗಿದ್ದರು.

ಇಂಗ್ಲೆಂಡಿನಲ್ಲಿ ವಿದ್ಯಾಭ್ಯಾಸ ಮುಗಿಸಿ ಅವರು 1860ರಲ್ಲಿ ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾಗಿ ಹಿಂದಿರುಗಿದರು. ಆ ಶಾಲೆಯೇ ಮುಂದೆ ಸೆಂಟ್ರಲ್ ಕಾಲೇಜಾಯಿತು. 1865ರಲ್ಲಿ ಮೈಸೂರು ಮತ್ತು ಕೊಡಗಿನ ಶಾಲಾ ತನಿಖಾಧಿಕಾರಿಗಳಾದರು. ಬಳಿಕ ವಿದ್ಯಾ ಇಲಾಖೆಯ ನಿರ್ದೇಶಕರಾದರು. ಹೋಬಳಿಗೊಂದು ಶಾಲೆ ಎಂಬ 1868ರ ಯೋಜನೆ ಅವರದು. 1882ರ ಹಂಟರ್ ಶಿಕ್ಷಣ ಆಯೋಗಕ್ಕೆ ಅವರು ಕಾರ್ಯದರ್ಶಿಗಳಾಗಿದ್ದರು. ಇವೆಲ್ಲ ಬೇರೊಂದು ಲೇಖನಕ್ಕೆ ವಿಷಯವಾಗುವಂಥವು. ಇಲ್ಲಿ ಹೇಳಬೇಕಾದದ್ದು ಇಷ್ಟೇ: ಶಾಲೆಗಳ ತನಿಖೆಗೆಂದು ಸಂಸ್ಥಾನದ ಮೂಲೆಮೂಲೆಗೆ ಹೋಗಬೇಕಾಗಿದ್ದ ಅಧಿಕಾರಿಗೆ ಊರ ಮುಂದಿನ ಕಲ್ಲುಗಳೂ ಆ ಕಲ್ಲುಗಳ ಬಗ್ಗೆ ಜನ ಆಡುವ ಮಾತುಗಳೂ ಒಟ್ಟಿಗೇ ಎದುರಾದವು.

ಕಲ್ಲುಗಳನ್ನು ಓದುವ ಕೆಲಸ ಅವರಿಗೆ ಬಂದದ್ದು ಛಾಯಾಚಿತ್ರಗಳ ಮೂಲಕ. ಕಮಿಷನರ್ ಬೌರಿಂಗ್ ಅವರ ಆಡಳಿತದಲ್ಲಿ ಮೇಜರ್ ಡಿಕ್ಸನ್ ಎಂಬ ಅಧಿಕಾರಿ 1865ರಲ್ಲಿ ಮೈಸೂರು ಸೀಮೆಯ ಹಲವು ಶಾಸನಗಳ ಚಿತ್ರ ತೆಗೆದಿದ್ದರು. ಅವುಗಳಲ್ಲಿ ಏನಿದೆಯೆಂದು ಓದಿ ಹೇಳುವ ಹೊಣೆ ರೈಸ್ ಅವರದಾಯಿತು. ಹಳಗನ್ನಡದ ನಿಘಂಟಾಗಲಿ ವ್ಯಾಕರಣವಾಗಲಿ ಕೈಗೆ ಸುಲಭವಾಗಿ ಸಿಗದ ಕಾಲ ಅದು. ಕಿಟ್ಟೆಲ್ಲರ ನಿಘಂಟು ಬಂದದ್ದು 1894ರಲ್ಲಿ. ಪಂಡಿತರ ನೆರವಿನಿಂದ ಅವರು ಓದಿದ ಪಾಠಗಳ ಅನುವಾದ 1879ರಲ್ಲಿ ಮೈಸೂರು ಶಾಸನಗಳು ಎಂಬ ಅರ್ಥದ ಹೆಸರಿನಲ್ಲಿ ಗ್ರಂಥವಾಗಿ ಪ್ರಕಟವಾಯಿತು. ಆ ಪಂಡಿತರಲ್ಲಿ ಹೆಚ್ಚಿನವರ ಹೆಸರು ಇಂದು ಯಾರ ನಾಲಗೆಯ ಮೇಲೂ ಇಲ್ಲ. ಇದು ರೈಸ್ ಒಬ್ಬರ ಲೋಪವಲ್ಲ, ಆ ಕಾಲದ ವಿದ್ವತ್ತಿನ ವ್ಯವಸ್ಥೆಯ ಲೋಪ ಎನ್ನಬೇಕು.

ಇದಕ್ಕೆ ಮುನ್ನವೇ, 1876ರಿಂದ 1878ರ ನಡುವೆ, ಅವರು ಸಂಪಾದಿಸಿದ ಮೈಸೂರು ಮತ್ತು ಕೊಡಗಿನ ಗೆಜೆಟಿಯರ್ ಮೂರು ಸಂಪುಟಗಳಲ್ಲಿ ಹೊರಬಂದಿತ್ತು. ಗೆಜೆಟಿಯರ್ ಎಂಬುದು ಆಡಳಿತದ ಅನುಕೂಲಕ್ಕಾಗಿ ಹುಟ್ಟಿದ ಪ್ರಕಾರ. ಮಳೆ, ಬೆಳೆ, ಕಂದಾಯ, ಜನಸಂಖ್ಯೆ ಅದರ ಮುಖ್ಯ ವಿಷಯಗಳು. ಅಂಥ ಪುಸ್ತಕದಲ್ಲಿ ರೈಸ್ ಅವರು ಅಗಸ್ತ್ಯ, ಪರಶುರಾಮ, ಜನಮೇಜಯರ ಕಥೆಗಳಿಗೆ ಪ್ರತ್ಯೇಕ ಸ್ಥಾನ ಕಲ್ಪಿಸಿದರು. ಆವನಿಯಲ್ಲಿ ಲವಕುಶರು ಹುಟ್ಟಿದರು, ಕೈವಾರವೇ ಬಕಾಸುರನ ಏಕಚಕ್ರಪುರ, ಸೊರಬದ ಕುಬಟೂರೇ ಚಂದ್ರಹಾಸನ ಕುಂತಳನಗರ ಎಂದು ಜನ ಹೇಳುತ್ತಿದ್ದುದನ್ನು ಆಯಾ ಊರಿನ ವಿವರದೊಡನೆ ಸೇರಿಸಿದರು. ತಲಕಾಡಿನ ಶಾಪದ ಕಥೆಯೂ ಅಲ್ಲಿದೆ. ಇಂದು ನಾವೆಲ್ಲ ಅಲಮೇಲಮ್ಮನೆಂದು ಬಲ್ಲ ರಾಣಿ ಅವರ ಬರಹದಲ್ಲಿ ರಂಗಮ್ಮನಾಗಿ ಕಾಣಿಸಿಕೊಳ್ಳುತ್ತಾಳೆ. ಒಂದೇ ಕಥೆ ಬೇರೆ ಬೇರೆ ಬಾಯಲ್ಲಿ ಬೇರೆ ಬೇರೆ ಹೆಸರು ತಳೆಯುವುದಕ್ಕೆ ಇದು ಸಾಕ್ಷಿ. ಕಥೆಯನ್ನು ತಿದ್ದಿ ಒಂದೇ ಅಚ್ಚಿಗೆ ಇಳಿಸದೆ ತಮಗೆ ದೊರೆತ ರೂಪದಲ್ಲೇ ಬಿಟ್ಟದ್ದರಿಂದ, ಜಾನಪದ ಅಧ್ಯಯನ ಎಂಬ ಶಿಸ್ತು ಕನ್ನಡದಲ್ಲಿ ತಲೆಯೆತ್ತುವ ಎಷ್ಟೋ ಮೊದಲೇ ಅವರಿಂದ ಪಾಠಾಂತರಗಳ ಒಂದು ದಾಖಲೆ ಸಿದ್ಧವಾಯಿತು.

ಬೆಂಗಳೂರಿನ ಹೆಸರಿನ ಕಥೆಯನ್ನೂ ಅವರು ಹೀಗೆಯೇ ದಾಖಲಿಸಿದರು. ಬೇಟೆಗೆ ಹೋದ ವೀರಬಲ್ಲಾಳ ಪರಿವಾರದಿಂದ ಅಗಲಿ ದಾರಿತಪ್ಪಿದ್ದು, ಒಬ್ಬ ಮುದುಕಿ ಅವನಿಗೆ ಬೇಯಿಸಿದ ಕಾಳು ಕೊಟ್ಟದ್ದು, ಅದರಿಂದ ಊರಿಗೆ ಆ ಹೆಸರು ಬಂದದ್ದು ಇಂದು ಶಾಲೆಯ ಮಕ್ಕಳಿಗೂ ತಿಳಿದ ಸಂಗತಿ. ಈ ಕಥೆಗೆ ಎದುರಾಗಿ ನಿಲ್ಲುವ ಕಲ್ಲು ಅದೇ ನಗರದ ದಕ್ಷಿಣದಲ್ಲಿತ್ತು. ಬಿ.ಟಿ.ಎಂ. ಬಡಾವಣೆ, ಬೊಮ್ಮನಹಳ್ಳಿಗಳ ಆಚೆಗಿರುವ ಬೇಗೂರಿನ ನಾಗನಾಥೇಶ್ವರ ದೇವಾಲಯದ ಆವರಣದಲ್ಲಿ ದೊರೆತ, ಸುಮಾರು ಕ್ರಿ.ಶ. 890ರ ವೀರಗಲ್ಲು ಬೆಂಗಳೂರು ಕಾಳಗದಲ್ಲಿ ನಾಗತ್ತರನ ಕಡೆಯವರು ಮಡಿದರೆಂದು ತಿಳಿಸುತ್ತದೆ. ಎರಡನೆಯ ವೀರಬಲ್ಲಾಳ ಪಟ್ಟವೇರಿದ್ದು 1173ರಲ್ಲಿ. ಅವನಿಗಿಂತ ಸುಮಾರು ಮುನ್ನೂರು ವರ್ಷ ಹಿಂದೆಯೇ ಊರಿಗೆ ಈ ಹೆಸರಿತ್ತು ಎಂದಾಯಿತು. ಈ ಶಾಸನ ಬೆಳಕಿಗೆ ಬಂದದ್ದು ರೈಸ್ ಅವರು ನಿವೃತ್ತರಾದ ಮೇಲೆ, ಅವರ ಉತ್ತರಾಧಿಕಾರಿ ಆರ್. ನರಸಿಂಹಾಚಾರ್ಯರ ಕಾಲದಲ್ಲಿ. ಬೇಗೂರಿನ ಇನ್ನೊಂದು ಪ್ರಸಿದ್ಧ ಕಲ್ಲು ರೈಸ್ ಅವರಿಗೆ ಚೆನ್ನಾಗಿ ಗೊತ್ತಿತ್ತು. ಗಂಗರ ಎರೆಯಪ್ಪನ ಅಪ್ಪಣೆಯಂತೆ ಅಯ್ಯಪದೇವನ ನೆರವಿಗೆ ಹೋದ ನಾಗತ್ತರ ತುಂಬೆಪಾಡಿಯಲ್ಲಿ ಬೀರಮಹೇಂದ್ರನ ಸೈನ್ಯದೊಡನೆ ಕಾದಿ ಸತ್ತದ್ದು, ಎರೆಯಪ್ಪನು ಇರುಗನಿಗೆ ನಾಗತ್ತರನ ಪದವಿಯನ್ನೂ ಬೆಂಪೂರು ಹನ್ನೆರಡನ್ನೂ ಕೊಟ್ಟದ್ದು ಅದರ ವಿಷಯ. ಬೆಂಪೂರೇ ಇಂದಿನ ಬೇಗೂರು. ಆನೆ, ಕುದುರೆ, ಕಾಲಾಳುಗಳು ಕಿಕ್ಕಿರಿದ ಯುದ್ಧದ ಶಿಲ್ಪ ಆ ಕಲ್ಲನ್ನು ತುಂಬಿದೆ.

ಇಲ್ಲಿ ಒಂದು ಮಾತನ್ನು ಸೇರಿಸಬೇಕು. ಶಾಸನವೆಂದರೆ ಒಣ ದಾಖಲೆ, ಐತಿಹ್ಯವೆಂದರೆ ಕಲ್ಪನೆಯ ಸೊಗಸು ಎಂಬ ವಿಭಜನೆ ನಮ್ಮ ಕಲ್ಲುಗಳಿಗೆ ಹೊಂದುವುದಿಲ್ಲ. ಮದ್ದೂರು ಸೀಮೆಯ ಆತಕೂರಿನ ಶಾಸನವನ್ನು ನೋಡಬೇಕು. ರಾಷ್ಟ್ರಕೂಟ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಗೆದ್ದ 949ರ ಕಾಳಗದ ಪ್ರಸ್ತಾಪ ಇರುವುದರಿಂದ ರಾಜಕೀಯ ಚರಿತ್ರೆಗೆ ಅದು ಅಮೂಲ್ಯ. ಆದರೆ ಕಲ್ಲನ್ನು ನೆಟ್ಟದ್ದು ಒಂದು ನಾಯಿಗಾಗಿ. ಯುದ್ಧದಲ್ಲಿ ಮೆರೆದ ಮಣಲೆರನಿಗೆ ಗಂಗ ಬೂತುಗ ಬೇಕಾದ ವರ ಕೇಳೆಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಕೆಲಲೆಯ ಬಳಿ ಒಂದು ದೊಡ್ಡ ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಅದರ ನೆನಪಿಗೆ ಕಲ್ಲು, ಕಲ್ಲಿನ ಪೂಜೆಗೆ ಭೂಮಿ, ಪೂಜೆ ಮಾಡದೆ ಉಣ್ಣುವ ಗೊರವನಿಗೆ ನಾಯಿಯ ಪಾಪ ತಟ್ಟುವುದೆಂಬ ವಿಧಿ. ಜನಪದ ಕಥೆಯ ಎಲ್ಲ ಲಕ್ಷಣಗಳೂ ಇರುವ ಈ ವೃತ್ತಾಂತ ರಾಜಶಾಸನದಲ್ಲೇ ಇದೆ. ಇಂಥ ಕಲ್ಲುಗಳ ನಡುವೆ ನಾಲ್ಕು ದಶಕ ಕಳೆದವರು ಕಥೆಯನ್ನು ತಿರಸ್ಕಾರದಿಂದ ನೋಡುವುದು ಸಾಧ್ಯವಿರಲಿಲ್ಲ.

1884ರಲ್ಲಿ ಪುರಾತತ್ತ್ವದ ಕೆಲಸ ಅವರಿಗೆ ಅಧಿಕೃತವಾಗಿ ಬಂದಿತು; 1890ರಿಂದ ಅದೇ ಪೂರ್ಣಾವಧಿಯ ಕೆಲಸವಾಯಿತು. ಕರ್ಣಾಟಕ ಭಾಷಾಭೂಷಣ, ಪಂಪ ರಾಮಾಯಣ, ಪಂಪ ಭಾರತಗಳು ಅವರ ಗ್ರಂಥಮಾಲೆಯಲ್ಲಿ ಅಚ್ಚಾದವು. ಕೆ. ಬಿ. ಪಾಠಕರು ಸಂಪಾದಿಸಿದ ಕವಿರಾಜಮಾರ್ಗ 1898ರಲ್ಲಿ ಬಂದದ್ದೂ ಅದೇ ಮಾಲೆಯಲ್ಲಿ. ಎಪಿಗ್ರಾಫಿಯಾ ಕರ್ನಾಟಿಕದ ಮೊದಲ ಸಂಪುಟ, ಕೊಡಗಿನದು, 1886ರಲ್ಲಿ ಹೊರಬಂದಿತು. ಬೆಂಗಳೂರು ಜಿಲ್ಲೆಯ ಒಂಬತ್ತನೆಯ ಸಂಪುಟ ಬಂದದ್ದು 1905ರಲ್ಲಿ.

ಈ ಅವಧಿಯ ಅತ್ಯಂತ ದೊಡ್ಡ ಶೋಧ 1892ರದು. ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಅವರು ಕಂಡರು. ಮೌರ್ಯರ ಆಳ್ವಿಕೆ ಇಷ್ಟು ದಕ್ಷಿಣಕ್ಕೆ ಹಬ್ಬಿತ್ತೆಂಬುದಕ್ಕೆ ಅದುವರೆಗೆ ಕಲ್ಲಿನ ಆಧಾರವಿರಲಿಲ್ಲ. ಮಸ್ಕಿಯ ಶಾಸನ ದೊರೆತದ್ದು 1915ರಲ್ಲಿ. ಶೋಧದ ಮಹತ್ತ್ವವನ್ನು ಎಲ್ಲರೂ ಬಲ್ಲರು. ಗಮನಿಸಬೇಕಾದದ್ದು ಆ ಸ್ಥಳಗಳ ಸ್ವರೂಪ. ಬ್ರಹ್ಮಗಿರಿಯ ಬಂಡೆಗೆ ಊರವರು ಅಕ್ಷರಗುಂಡು ಎಂದು ಹೆಸರಿಟ್ಟಿದ್ದರು. ಓದಲಾಗದಿದ್ದರೂ ಅಲ್ಲಿ ಬರಹವಿದೆಯೆಂಬ ತಿಳಿವಳಿಕೆಯನ್ನು ಜನಪದ ಸ್ಮೃತಿ ಕಾಪಾಡಿಕೊಂಡಿತ್ತು. ಜಟಿಂಗ ರಾಮೇಶ್ವರ ಬೆಟ್ಟ ರಾವಣನೊಡನೆ ಹೋರಾಡಿ ಜಟಾಯು ಬಿದ್ದ ಸ್ಥಳವೆಂದು ಪ್ರಸಿದ್ಧ. ಆ ಐತಿಹ್ಯದಿಂದಾಗಿಯೇ ಅಲ್ಲಿ ದೇವಾಲಯ, ದೇವಾಲಯದಿಂದಾಗಿ ಜಾತ್ರೆ. ಅಶೋಕನ ಬರಹವಿರುವ ಬಂಡೆ ಮೆಟ್ಟಿಲುಗಳ ಎದುರಿಗೇ ಇದ್ದು, ಜಾತ್ರೆಯ ದಿನ ಬಳೆಗಾರರು ಅದರ ಮೇಲೆ ಅಂಗಡಿ ಹೂಡುತ್ತಿದ್ದುದರಿಂದ ಬಳೆಗಾರಗುಂಡು ಎನಿಸಿಕೊಂಡಿತ್ತು. ಚಪ್ಪರದ ಗೂಟಗಳಿಗಾಗಿ ತೋಡಿದ ಕುಳಿಗಳು ಅಕ್ಷರಗಳನ್ನು ಕೆಡಿಸಿದ್ದವು. ಐತಿಹ್ಯ ಜನರನ್ನು ಬೆಟ್ಟಕ್ಕೆ ಕರೆತಂದಿತು. ಬಂದ ಜನರಿಂದ ಶಾಸನ ಸವೆಯಿತು. ಐತಿಹ್ಯದ ಸ್ಥಳಗಳನ್ನು ಬಿಡದೆ ನೋಡುವವರೊಬ್ಬರು ಬಂದಾಗ ಉಳಿದ ಅಕ್ಷರಗಳಾದರೂ ದಕ್ಕಿದವು. ಕಥೆ ಮತ್ತು ಕಲ್ಲಿನ ಸಂಬಂಧ ಎಷ್ಟು ಜಟಿಲ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ದುರ್ಲಭ.

ಹೊಯ್ಸಳರ ಮೂಲದ ವಿಷಯದಲ್ಲಿಯೂ ಇದೇ ಕ್ರಮ ಫಲಿಸಿತು. ಸಳನು ಹುಲಿಯನ್ನು ಕೊಂದ ಕಥೆ ಚಾರಿತ್ರಿಕವೇ ಎಂಬ ಚರ್ಚೆ ಬೇರೆ. ಕಥೆ ನಡೆದ ಸೊಸೆವೂರು ಎಲ್ಲಿ ಎಂದು ಹುಡುಕಿದ ರೈಸ್ ಅವರು ಅದನ್ನು ಮೂಡಿಗೆರೆ ಸೀಮೆಯ ಅಂಗಡಿ ಎಂಬ ಹಳ್ಳಿಯೊಂದಿಗೆ ಗುರುತಿಸಿದರು. ವಾಸಂತಿಕಾ ದೇವಿಯ ಗುಡಿ ಅಲ್ಲಿ ಇನ್ನೂ ಇದೆ. ಹುಲಿ ಕಲ್ಪಿತವಾಗಿದ್ದರೂ ಊರು ಕಲ್ಪಿತವಾಗಿರಲಿಲ್ಲ.

ಇನ್ನು ಅವರ ತಪ್ಪೆಂದು ಬಹುಕಾಲ ಎಣಿಸಲಾದ ಪ್ರಸಂಗ. 1889ರಲ್ಲಿ ಪ್ರಕಟವಾದ ಶ್ರವಣಬೆಳಗೊಳದ ಸಂಪುಟದಲ್ಲಿ 144 ಶಾಸನಗಳಿವೆ. ಅದರ ದೀರ್ಘ ಪೀಠಿಕೆಯಲ್ಲಿ ಭದ್ರಬಾಹು ಮತ್ತು ಚಂದ್ರಗುಪ್ತ ಮೌರ್ಯರ ವಲಸೆಯ ಸಂಪ್ರದಾಯವನ್ನು ರೈಸ್ ಅವರು ಸತ್ಯವೆಂದು ಪ್ರತಿಪಾದಿಸಿದರು. ಹನ್ನೆರಡು ವರ್ಷದ ಕ್ಷಾಮವನ್ನು ಮುಂಗಂಡ ಭದ್ರಬಾಹು ಸಂಘವನ್ನು ದಕ್ಷಿಣಕ್ಕೆ ಕರೆತಂದದ್ದು, ರಾಜ್ಯ ತೊರೆದ ಚಂದ್ರಗುಪ್ತ ಚಿಕ್ಕಬೆಟ್ಟದಲ್ಲಿ ಗುರುಸೇವೆ ಮಾಡಿ ಸಲ್ಲೇಖನದಿಂದ ಮುಡಿಪಿದ್ದು ಇದರ ಸಾರ. ಅವರು ಬಳಸಿದ ಆಧಾರಗಳಲ್ಲಿ ದೇವಚಂದ್ರನ ರಾಜಾವಳಿ ಕಥೆ ಪ್ರಮುಖವಾದದ್ದು. ಕನಕಗಿರಿಯ ಈ ಜೈನ ಪಂಡಿತ 1804ರಲ್ಲಿ ಕರ್ನಲ್ ಮೆಕೆಂಜಿಯನ್ನು ಕಂಡು ಸ್ಥಳೀಯ ಸಂಗತಿಗಳನ್ನು ತಿಳಿಸಿದವನು. ಮುಂದೆ ಮೈಸೂರು ಅರಮನೆಯ ದೇವೀರಮ್ಮಣ್ಣಿಗಾಗಿ ತನ್ನ ಗ್ರಂಥವನ್ನು ಸಿದ್ಧಪಡಿಸಿದವನು. ಹತ್ತೊಂಬತ್ತನೆಯ ಶತಮಾನದ ಕಥಾಸಂಗ್ರಹವೊಂದು ಕ್ರಿಸ್ತಪೂರ್ವದ ಸಂಗತಿಗೆ ಸಾಕ್ಷಿಯಾಗಬಲ್ಲುದೇ ಎಂಬ ಪ್ರಶ್ನೆ ಏಳುವುದು ಸಹಜವೇ ಆಗಿತ್ತು.

ಆ ಪ್ರಶ್ನೆಯನ್ನು ಎತ್ತಿದವರು ಜೆ. ಎಫ್. ಫ್ಲೀಟ್. ಬೆಟ್ಟದ ಮೇಲಿನ ಮೊದಲ ಶಾಸನ ಕ್ಷಾಮವನ್ನೂ ಭದ್ರಬಾಹುವನ್ನೂ ಹೇಳುತ್ತದೆ, ಆದರೆ ಅಲ್ಲಿ ಸಮಾಧಿ ಪಡೆದವನು ಪ್ರಭಾಚಂದ್ರ ಎಂಬ ಆಚಾರ್ಯ. ಅವನೇ ಚಂದ್ರಗುಪ್ತ ಎಂದು ರೈಸ್ ಅವರು ಭಾವಿಸಿದ್ದಕ್ಕೆ ಶಾಸನದಲ್ಲಿ ನೆಲೆಯಿಲ್ಲ ಎಂಬುದು ಫ್ಲೀಟ್ ಅವರ ವಾದ. ಶಾಸನದ ಕಾಲ ಸುಮಾರು ಆರನೆಯ ಶತಮಾನದ ಕೊನೆ ಅಥವಾ ಏಳನೆಯ ಶತಮಾನದ ಆರಂಭ. ರೈಸ್ ಅವರು ಅದಕ್ಕೆ ಕೊಟ್ಟಿದ್ದ ಪ್ರಾಚೀನತೆ ನಿಲ್ಲಲಿಲ್ಲ. ಈ ಅಂಶದಲ್ಲಿ ಫ್ಲೀಟ್ ಅವರೇ ಸರಿ ಎಂದು ಒಪ್ಪಬೇಕಾಗುತ್ತದೆ. ಶಾಸನ ಹೇಳದಿರುವುದನ್ನು ಐತಿಹ್ಯದಿಂದ ತುಂಬಿ, ತುಂಬಿದ್ದನ್ನು ಶಾಸನದ ಮಾತೆಂಬಂತೆ ಓದುವುದು ಅಪಾಯಕಾರಿ ಕ್ರಮ. ಹಾಗೆಂದು ಸಂಪ್ರದಾಯವೇ ನಿರಾಧಾರ ಎಂಬ ತೀರ್ಮಾನವೂ ಗಟ್ಟಿಯಾಗಿ ನಿಲ್ಲಲಿಲ್ಲ. ಮೊದಲು ಇದನ್ನು ತಳ್ಳಿಹಾಕಿದ್ದ ವಿನ್ಸೆಂಟ್ ಸ್ಮಿತ್ ಮುಂದೆ ಮನಸ್ಸು ಬದಲಿಸಿ, ಸಂಪ್ರದಾಯಕ್ಕೆ ಯಾವುದೋ ನಿಜವಾದ ತಳಹದಿ ಇರಬೇಕೆಂದು ಒಪ್ಪಿದರು. ಪ್ರಶ್ನೆ ಇಂದಿಗೂ ಪೂರ್ಣವಾಗಿ ಇತ್ಯರ್ಥವಾಗಿಲ್ಲ. ನರಸಿಂಹಾಚಾರ್ಯರು 1923ರಲ್ಲಿ ಈ ಸಂಪುಟವನ್ನು ಪರಿಷ್ಕರಿಸಿದಾಗ ಶಾಸನಗಳ ಸಂಖ್ಯೆ 500ಕ್ಕೇರಿತು. ಚರ್ಚೆಯೂ ಅಷ್ಟೇ ಬೆಳೆಯಿತು.

ಗಂಗರ ತಾಮ್ರಶಾಸನಗಳ ವಿವಾದ ಇನ್ನೂ ಕಹಿಯಾದದ್ದು. ಗಂಗರ ಆರಂಭದ ಅರಸರ ವಂಶಾವಳಿಯನ್ನು ರೈಸ್ ಅವರು ಈ ತಾಮ್ರಪಟಗಳಿಂದ ಕಟ್ಟಿದ್ದರು. ಅವು ಕೂಟಶಾಸನಗಳು, ಆ ಅರಸರ ಪರಂಪರೆ ಕಲ್ಪಿತ ಎಂದು ಫ್ಲೀಟ್ ಅವರು ಹಲವು ವರ್ಷ ಸಾಧಿಸಿದರು. ಹಲವು ಪಟಗಳು ಕೂಟವೆಂಬುದು ನಿಜವೇ. ನಕಲಿಯನ್ನು ಗುರುತಿಸುವುದು ರೈಸ್ ಅವರಿಗೆ ತಿಳಿಯದ ವಿದ್ಯೆಯೇನೂ ಆಗಿರಲಿಲ್ಲ. ಜನಮೇಜಯನ ಹೆಸರಿನಲ್ಲಿ ಹೊರಟ, ಸರ್ಪಯಾಗದ ಕಾಲದ್ದೆಂದು ಹೇಳಿಕೊಳ್ಳುವ ಗೌಜ ಅಗ್ರಹಾರದ ಪಟಗಳಂಥವು ಮಧ್ಯಯುಗದ ರಚನೆಗಳೆಂಬುದನ್ನು ಅವರು ಬಲ್ಲರು. ಆದರೂ ಒಂದು ಪಟ ನಕಲಿಯಾದ ಮಾತ್ರಕ್ಕೆ ಅದರೊಳಗಿನ ನೆನಪೆಲ್ಲವೂ ನಕಲಿಯಾಗದು ಎಂಬ ನಂಬಿಕೆಯನ್ನು ಅವರು ಬಿಟ್ಟುಕೊಡಲಿಲ್ಲ. ಪೆನುಕೊಂಡದ ಗಂಗ ಪಟಗಳು ದೊರೆತ ಮೇಲೆ, 1915ರಲ್ಲಿ, ಫ್ಲೀಟ್ ಅವರೇ ಅವುಗಳನ್ನು ನಿಜವೆಂದು ಒಪ್ಪಿದರು. ಅಷ್ಟು ಹೊತ್ತಿಗೆ ರೈಸ್ ಅವರಿಗೆ ಎಪ್ಪತ್ತೆಂಟರ ಸಮೀಪ ವಯಸ್ಸು. ಇಂದು ಆರಂಭದ ಗಂಗರ ಅಸ್ತಿತ್ವವನ್ನು ಯಾರೂ ಸಂದೇಹಿಸುವುದಿಲ್ಲ.

ಅವರ ಕೆಲಸದಲ್ಲಿ ಕೊರತೆಗಳಿವೆ. ಅವಸರದ ಪಾಠಗಳಿವೆ, ಊಹೆಯಿಂದ ಕೊಟ್ಟ ಕಾಲಗಳಿವೆ, ಅಚ್ಚುಪ್ರತಿಗಳ ಚಿತ್ರಗಳು ಕಡಮೆ. 1972ರಿಂದ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕೃತ ಸಂಪುಟಗಳನ್ನು ಹೊರತಂದದ್ದು ಇದರಿಂದಲೇ ಅಗತ್ಯವಾಯಿತು. ಆದರೆ ಹೀಗೆ ತಿದ್ದುವುದಕ್ಕೆ ಮೊದಲ ಪ್ರತಿ ಬೇಕಷ್ಟೆ. ರೈಸ್ ಅವರ ಕಾಲದಲ್ಲಿದ್ದು ಈಗ ಕಣ್ಮರೆಯಾಗಿರುವ ಕಲ್ಲುಗಳು ಬೆಂಗಳೂರಿನ ಸುತ್ತಲೇ ಎಷ್ಟೋ ಇವೆ. ಕೆರೆ ಮುಚ್ಚಿ, ತೋಪು ಕಡಿದು ಬಡಾವಣೆಗಳು ಎದ್ದಾಗ ಅವು ಅಡಿಪಾಯಕ್ಕೋ ಚರಂಡಿಯ ಚಪ್ಪಡಿಗೋ ಸಂದವು. ಅವುಗಳ ಮಟ್ಟಿಗೆ ಒಂಬತ್ತನೆಯ ಸಂಪುಟದ ಪಾಠವೇ ಇಂದು ಮೂಲ.

ರೈಸ್ ಅವರು 1906ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ತೆರಳಿದರು. 1899ರಿಂದ ಅವರ ಸಹಾಯಕರಾಗಿದ್ದ ನರಸಿಂಹಾಚಾರ್ಯರು ಆ ಸ್ಥಾನಕ್ಕೆ ಬಂದರು. ಶಾಸನಗಳಿಂದ ತಿಳಿಯುವ ಮೈಸೂರು ಮತ್ತು ಕೊಡಗಿನ ಚರಿತ್ರೆಯನ್ನು ಅವರು 1909ರಲ್ಲಿ ಒಂದೇ ಗ್ರಂಥವಾಗಿ ಸಂಗ್ರಹಿಸಿಕೊಟ್ಟರು. ವೀರಗಲ್ಲು, ಮಾಸ್ತಿಕಲ್ಲು, ಒಡೆಯನಿಗಾಗಿ ಸಿಡಿಗೆ ತಲೆಗೊಡುವ ಪದ್ಧತಿ ಮೊದಲಾದವುಗಳ ಬಗ್ಗೆ ಬರೆಯುವಾಗ ಅವರ ಹಳೆಯ ಕುತೂಹಲ ಕುಂದಿದಂತೆ ಕಾಣುವುದಿಲ್ಲ. 1927ರಲ್ಲಿ, ತೊಂಬತ್ತರ ಹೊಸ್ತಿಲಲ್ಲಿ, ಅವರು ತೀರಿಕೊಂಡರು.

ಜಯನಗರ, ಬನಶಂಕರಿ, ಜೆ. ಪಿ. ನಗರಗಳಲ್ಲಿ ನೆಲೆಸಿದ್ದು, ವೃತ್ತಿಯಿಂದ ಇತಿಹಾಸಕಾರರಲ್ಲದಿದ್ದರೂ ಹಳೆಯ ಕಲ್ಲುಗಳನ್ನು ಹುಡುಕಿ ಹೋಗುವವರು ಈಗ ಕಡಮೆಯೇನಿಲ್ಲ. ಮಿಥಿಕ್ ಸೊಸೈಟಿಯು 2021ರಿಂದ ಬೆಂಗಳೂರು ಪ್ರದೇಶದ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನಿಂಗ್ ಮೂಲಕ ದಾಖಲಿಸುವ ಕೆಲಸ ಕೈಗೊಂಡಿದೆ. ಬರಿಗಣ್ಣಿಗೆ ಕಾಣದ ಅಕ್ಷರಗಳೂ ಅದರಲ್ಲಿ ಮೂಡುತ್ತವೆ. ಮಡಿವಾಳದ ಸೋಮೇಶ್ವರ ದೇವಾಲಯದ ಗೋಡೆಯಲ್ಲಿ ಹದಿಮೂರನೆಯ ಶತಮಾನದ ತಮಿಳು ಲಿಪಿಯಲ್ಲಿ ಬೇಗೂರನ್ನು ವೇಪ್ಪೂರೆಂದು ಓದಿಕೊಳ್ಳುವ ಇಂದಿನ ಕುತೂಹಲಿಯು, ಬೆಂದಕಾಳಿನ ಕಥೆಯನ್ನೂ ಮರೆಯದೆ ಮನೆಯ ಮಕ್ಕಳಿಗೆ ಹೇಳುತ್ತಾನೆ. ಬೇಗೂರಿನ ನಾಗತ್ತರನ ಕಲ್ಲೂ ಆತಕೂರಿನ ಕಾಳಿಯ ಕಲ್ಲೂ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿವೆ.